ಡಾಂಬರು ಬಿಟ್ಟು ಮಣ್ಣಿಗೆ ಮರಳಿದ ಸ್ಪರ್ಧೆ

1974ರ ಸೆಪ್ಟೆಂಬರ್ 25, ಬುಧವಾರದ ಸಂಜೆ. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ಎಂಬ ಹಿನ್ನೀರಿನ ದಂಡೆಯಲ್ಲಿ 46 ಮಂದಿ ಸೇರಿದ್ದರು. ಬಹುತೇಕರು ಆಗಷ್ಟೇ ಕೆಲಸ ಮುಗಿಸಿ ಬಂದವರು. ಕೆಲವರು ತಂದಿದ್ದ ಸೈಕಲ್ಲು ಮನೆಯ ಮಕ್ಕಳು ಅಂಗಡಿಗೆ ಹೋಗಿಬರಲು ಬಳಸುವಂಥದ್ದು. ಅವರು ಓಡಬೇಕಿತ್ತು, ಸೈಕಲ್ ತುಳಿಯಬೇಕಿತ್ತು, ಈಜಬೇಕಿತ್ತು. ಮತ್ತೆ ಓಡಬೇಕಿತ್ತು, ಮತ್ತೆ ಈಜಬೇಕಿತ್ತು. ಕೊನೆಯವರು ನೀರಿಗಿಳಿಯುವ ಹೊತ್ತಿಗೆ ಕತ್ತಲಾಗಿತ್ತು. ಸಂಘಟಕರು ಕಾರುಗಳನ್ನು ದಂಡೆಗೆ ತಂದು ನಿಲ್ಲಿಸಿ, ಹೆಡ್‌ಲೈಟ್ ಬೆಳಕಿನಲ್ಲಿ ಅವರನ್ನು ದಡ ಸೇರಿಸಿದರು.

ಇಂದು ಒಲಿಂಪಿಕ್ ಕ್ರೀಡೆಯಾಗಿರುವ ಟ್ರಯಥ್ಲಾನ್‌ನ ಜನನ ಹೀಗಾಯಿತು. ಅದನ್ನು ಏರ್ಪಡಿಸಿದವರು ಸ್ಯಾನ್ ಡಿಯಾಗೊ ಟ್ರ್ಯಾಕ್ ಕ್ಲಬ್ಬಿನ ಜ್ಯಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹಾನ್. ಬಹುಮಾನದ ಪಾರಿತೋಷಕಗಳನ್ನು ಮಾಡಿಸಲು ಹೋದಾಗ ಅಂಗಡಿಯವನು 'ಟ್ರಯಥ್ಲಾನ್' ಎಂಬ ಪದದ ಕಾಗುಣಿತ ಕೇಳಿದನಂತೆ. ಶಬ್ದಕೋಶದಲ್ಲಿ ಆ ಪದವೇ ಇರಲಿಲ್ಲ. ಜಾನ್‌ಸ್ಟೋನ್ ತಾವೇ ಒಂದು ಕಾಗುಣಿತ ನಿರ್ಧರಿಸಿ ಹೇಳಿಬಂದರು.

ಆ ಸ್ಪರ್ಧೆಯ ಪ್ರಕಟಣೆಯಲ್ಲಿ ಗಮನಿಸಬೇಕಾದ ಒಂದು ಸಾಲಿತ್ತು. ಒಟ್ಟು ಆರು ಮೈಲಿ ಓಟದಲ್ಲಿ ಸುಮಾರು ಎರಡು ಮೈಲಿಯನ್ನು ಬರಿಗಾಲಲ್ಲಿ, ಹುಲ್ಲು ಮತ್ತು ಮರಳಿನ ಮೇಲೆ ಓಡಬೇಕು ಎಂದು ಅದು ತಿಳಿಸಿತ್ತು. ಅಂದರೆ ಈ ಆಟ ಹುಟ್ಟಿದ್ದು ಅರ್ಧ ಮಣ್ಣಿನಲ್ಲೇ. ಆಮೇಲೆ ಅದು ಡಾಂಬರು ರಸ್ತೆಗೆ ಏರಿತು, ಗಡಿಯಾರದ ಅಡಿಯಾಳಾಯಿತು, ಕೋಟಿಗಟ್ಟಲೆ ಹಣದ ವ್ಯವಹಾರವಾಯಿತು. ಇಪ್ಪತ್ತೆರಡು ವರ್ಷಗಳ ನಂತರ ಅದರ ಒಂದು ಕವಲು ಮತ್ತೆ ಮಣ್ಣಿಗೆ ಇಳಿಯಿತು. ಕಾಡುದಾರಿ, ಕಲ್ಲು, ಕೆಸರು, ಮುಳ್ಳುಗಳ ನಡುವೆ ನಡೆಯುವ ಈ ಟ್ರಯಥ್ಲಾನ್‌ನ ಕಥೆ ಹವ್ಯಾಸಿ ಕ್ರೀಡಾಪಟು ಎಂದರೆ ಯಾರು ಎಂಬ ಹಳೆಯ ಪ್ರಶ್ನೆಯನ್ನೂ ಜೊತೆಗೆ ಎತ್ತುತ್ತದೆ.

ಉಕ್ಕಿನ ಮನುಷ್ಯರು

ಮಿಷನ್ ಬೇ ಸ್ಪರ್ಧೆಯಲ್ಲಿ ಪಾಲ್ಗೊಂಡವರಲ್ಲಿ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಸಹ ಇದ್ದರು. ಮುಂದೆ ಈ ದಂಪತಿ ಹವಾಯಿ ದ್ವೀಪಗಳಿಗೆ ಹೋದರು. 1977ರಲ್ಲಿ ಅಲ್ಲಿನ ಒಂದು ಓಟದ ಬಹುಮಾನ ವಿತರಣೆಯ ವೇಳೆ ವಾದವೊಂದು ಹುಟ್ಟಿತು. ಓಟಗಾರರು ಹೆಚ್ಚು ಗಟ್ಟಿಗರೋ, ಈಜುಗಾರರೋ? ಇಬ್ಬರೂ ಅಲ್ಲ, ಸೈಕಲ್ ಸವಾರರೇ ಇರಬಹುದು ಎಂದರು ಕಾಲಿನ್ಸ್. ಆ ದ್ವೀಪದಲ್ಲಿ ಆಗಲೇ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಪೋಣಿಸುವ ಸಲಹೆಯನ್ನೂ ಮುಂದಿಟ್ಟರು. 3.8 ಕಿಲೋಮೀಟರ್ ಸಮುದ್ರದ ಈಜು, 180 ಕಿಲೋಮೀಟರ್ ಸೈಕಲ್ ಸವಾರಿ, ಅದರ ಮೇಲೆ 42 ಕಿಲೋಮೀಟರಿನ ಪೂರ್ಣ ಮ್ಯಾರಥಾನ್. ಮೊದಲು ಮುಗಿಸಿದವನನ್ನು 'ಐರನ್‌ಮ್ಯಾನ್' ಎಂದು ಕರೆಯೋಣ ಎಂದರು.

1978ರ ಫೆಬ್ರುವರಿ 18ರಂದು 15 ಮಂದಿ ಹೊರಟರು, 12 ಮಂದಿ ಮುಗಿಸಿದರು. 11 ಗಂಟೆ 46 ನಿಮಿಷ 58 ಸೆಕೆಂಡುಗಳಲ್ಲಿ ಗುರಿ ಮುಟ್ಟಿದ ಗಾರ್ಡನ್ ಹಾಲರ್ ಮೊದಲಿಗರು. ಎರಡನೆಯವರಾದ ಜಾನ್ ಡನ್‌ಬಾರ್ ಜೊತೆಗಿದ್ದವರ ಬಳಿ ನೀರು ಮುಗಿದು, ಕೊನೆಗೆ ಅವರಿಗೆ ಬಿಯರ್ ಕುಡಿಸಿದರು ಎಂಬುದು ಈ ಆಟದ ದಂತಕಥೆಗಳಲ್ಲಿ ಒಂದು.

ಆ ಹುಚ್ಚಾಟವನ್ನು ಜಗತ್ತಿಗೆ ಪರಿಚಯಿಸಿದ್ದು ಟೆಲಿವಿಷನ್. 1982ರ ಫೆಬ್ರುವರಿಯಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ತನ್ನ ಪದವಿಯ ಅಧ್ಯಯನಕ್ಕೆಂದು ಸ್ಪರ್ಧೆಗೆ ಇಳಿದರು. ಮಹಿಳೆಯರಲ್ಲಿ ಮೊದಲಿಗರಾಗಿದ್ದ ಅವರು ಗುರಿಯ ಸಮೀಪದಲ್ಲಿ ಕುಸಿದರು. ಎದ್ದರು, ಮತ್ತೆ ಬಿದ್ದರು. ಕೆಲವೇ ಗಜಗಳು ಉಳಿದಿರುವಾಗ ಇನ್ನೊಬ್ಬರು ದಾಟಿಹೋದರು. ಜೂಲಿ ತೆವಳಿಕೊಂಡು ಹೋಗಿ ಗೆರೆ ಮುಟ್ಟಿದರು. ಆ ದೃಶ್ಯ ಕಂಡ ಸಾವಿರಾರು ಜನ ತಾವೂ ಒಮ್ಮೆ ಪ್ರಯತ್ನಿಸಬೇಕು ಎಂದುಕೊಂಡರು. ಗೆದ್ದವರನ್ನು ನೋಡಿ ಅಲ್ಲ, ಎರಡನೆಯವರಾಗಿ ತೆವಳಿದವರನ್ನು ನೋಡಿ ಒಂದು ಕ್ರೀಡೆ ಬೆಳೆದದ್ದು ಅಪರೂಪ.

1980ರ ದಶಕದಲ್ಲಿ ಆಟ ನಯವಾಗುತ್ತ ಹೋಯಿತು. ಮೊಣಕೈ ಊರಿ ಮುಂದಕ್ಕೆ ಬಾಗಿ, ಗಾಳಿಯನ್ನು ಸೀಳಲು ನೆರವಾಗುವ ವಿಶೇಷ ಹ್ಯಾಂಡಲ್ ಬಂತು. ಕಡ್ಡಿಗಳಿಲ್ಲದ ತಟ್ಟೆಯಂಥ ಚಕ್ರ ಬಂತು. ಈಜುವಾಗ ಮೈಯನ್ನು ತೇಲಿಸುವ ರಬ್ಬರ್ ಉಡುಪು ಬಂತು. 1989ರಲ್ಲಿ ಅಂತರರಾಷ್ಟ್ರೀಯ ಟ್ರಯಥ್ಲಾನ್ ಒಕ್ಕೂಟ ಸ್ಥಾಪನೆಯಾಗಿ, ಫ್ರಾನ್ಸಿನ ಅವಿನ್ಯೋನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಪದಾರ್ಪಣೆ ಮಾಡಿತು. ಆದರೆ ಈ ನಯಗಾರಿಕೆಗೆ ಒಂದು ಬೆಲೆ ಇತ್ತು. ಸಮತಟ್ಟಾದ ರಸ್ತೆಯಲ್ಲಿ ಸೆಕೆಂಡುಗಳ ಲೆಕ್ಕ ಮುಖ್ಯವಾಯಿತು. ಸೆಕೆಂಡುಗಳನ್ನು ಉಳಿಸಲು ದುಬಾರಿ ಸಲಕರಣೆ ಬೇಕಾಯಿತು.

ಹಳೇ ಸೈಕಲ್ಲು, ಹೊಸ ಗುಡ್ಡ

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಮತ್ತೊಂದು ಹುಚ್ಚು ಹಬ್ಬುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಮರೀನ್ ಕೌಂಟಿಯಲ್ಲಿ ಕೆಲವು ಯುವಕರು 1930–40ರ ದಶಕದ ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಹುಡುಕಿ ತಂದು, ಗುಡ್ಡದ ಮೇಲಿಂದ ಕೆಳಕ್ಕೆ ಬಿಡತೊಡಗಿದರು. 1976ರ ಅಕ್ಟೋಬರಿನಲ್ಲಿ ಇದು ಕ್ರಮಬದ್ಧ ಪಂದ್ಯವಾಯಿತು. ಹಾದಿ ಸುಮಾರು ಮೂರು ಕಿಲೋಮೀಟರ್. ಅಷ್ಟರಲ್ಲೇ ಸುಮಾರು 400 ಮೀಟರ್ ಇಳಿತ. ಆ ಸೈಕಲ್ಲುಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಇತ್ತು. ಕೆಳಗೆ ಬರುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕಿತ್ತು. ಹೀಗೆ ಮತ್ತೆ ಮತ್ತೆ ತುಂಬುವ ಕೆಲಸದಿಂದಲೇ ಆ ಹಾದಿಗೆ 'ರೀಪ್ಯಾಕ್' ಎಂಬ ಹೆಸರು ಬಂತು.

ಚಾರ್ಲಿ ಕೆಲ್ಲಿ, ಗ್ಯಾರಿ ಫಿಷರ್, ಜೋ ಬ್ರೀಜ್, ಟಾಮ್ ರಿಚಿ — ಇವರು ಆ ಗುಂಪಿನ ಮುಖ್ಯರು. ಹಳೆಯ ಚೌಕಟ್ಟುಗಳು ಮುರಿಯತೊಡಗಿದಾಗ ಹೊಸ ಚೌಕಟ್ಟುಗಳನ್ನು ತಾವೇ ಬೆಸೆದರು. 1980ರ ದಶಕದ ಆರಂಭಕ್ಕೆ ದೊಡ್ಡ ಕಂಪೆನಿಗಳು ಇಂಥ ಸೈಕಲ್ಲನ್ನು ಕಾರ್ಖಾನೆಯಲ್ಲಿ ತಯಾರಿಸತೊಡಗಿದವು. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮೊದಲ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಪುರುಷರ ಕ್ರಾಸ್ ಕಂಟ್ರಿ ಗೆದ್ದವರು ನೆಡ್ ಓವರೆಂಡ್. ಈ ಹೆಸರನ್ನು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ. 1996ರ ಅಟ್ಲಾಂಟ ಒಲಿಂಪಿಕ್ಸ್‌ಗೆ ಈ ಆಟವೂ ಸೇರಿತು.

ಮೌಯಿ ದ್ವೀಪದ ಮುಳ್ಳು

ಎರಡು ಹುಚ್ಚುಗಳು ಸಂಧಿಸಿದ್ದು ಅದೇ 1996ರಲ್ಲಿ, ಹವಾಯಿಯ ಮೌಯಿ ದ್ವೀಪದಲ್ಲಿ. ಟಾಮ್ ಕೈಲಿ ಎಂಬ ಸಂಘಟಕರು ಸಮುದ್ರದ ಈಜು, ಮೌಂಟನ್ ಬೈಕ್ ಸವಾರಿ ಮತ್ತು ಕಾಲುದಾರಿಯ ಓಟಗಳನ್ನು ಒಂದುಗೂಡಿಸಿದರು. ಮೊದಲು 'ಅಕ್ವಾಟೆರಾ' ಎನಿಸಿಕೊಂಡ ಈ ಸ್ಪರ್ಧೆ ಬಳಿಕ 'ಎಕ್ಸ್‌ಟೆರಾ' ಆಯಿತು. ಸುಮಾರು 1.5 ಕಿಲೋಮೀಟರ್ ಈಜು, 30 ಕಿಲೋಮೀಟರ್ ಆಸುಪಾಸಿನ ಸೈಕಲ್ ಹಾದಿ, 10 ಕಿಲೋಮೀಟರ್ ಆಸುಪಾಸಿನ ಓಟ ಇದರ ಸಾಮಾನ್ಯ ಅಳತೆ. 'ಆಸುಪಾಸು' ಎಂದಿದ್ದಕ್ಕೆ ಕಾರಣವಿದೆ. ಗುಡ್ಡ ಹೇಗಿದೆಯೋ ಹಾದಿ ಹಾಗೆ. ಎರಡು ಊರುಗಳ ಹಾದಿ ಒಂದೇ ತರಹ ಇರುವುದಿಲ್ಲವಾದ್ದರಿಂದ ದಾಖಲೆ ಸಮಯ ಎಂಬುದಕ್ಕೆ ಇಲ್ಲಿ ಅರ್ಥವೇ ಇಲ್ಲ.

ಇದರ ಹೆಸರಿನ ಸುತ್ತ ಒಂದು ಸ್ವಾರಸ್ಯವಿದೆ. ಕಾರಿನ ಹೆಸರನ್ನು ಸ್ಪರ್ಧೆಗೆ ಇಡುವುದು ಜಗತ್ತಿನ ರೂಢಿ. ಇಲ್ಲಿ ಆದದ್ದು ತಿರುಗುಮುರುಗು. ನಿಸ್ಸಾನ್ ಕಂಪೆನಿ ಸ್ಪರ್ಧೆಯ ಹೆಸರನ್ನು ಪರವಾನಗಿ ಪಡೆದು ತನ್ನ ಹೊಸ ವಾಹನಕ್ಕೆ ಇಟ್ಟಿತು. 1999ರಲ್ಲಿ ಬಂದ ಆ ಎಕ್ಸ್‌ಟೆರಾ ವಾಹನ ಅಮೆರಿಕದಲ್ಲಿ 2015ರವರೆಗೆ ಮಾರಾಟವಾಯಿತು.

ಆರಂಭದ ವರ್ಷಗಳಲ್ಲಿ ಮೌಯಿಯ ಸೈಕಲ್ ಹಾದಿ ಹಲೇಯಾಕಲಾ ಜ್ವಾಲಾಮುಖಿಯ ಕೆಳ ಇಳಿಜಾರಿನಲ್ಲಿ, ಹರಿತವಾದ ಲಾವಾ ಕಲ್ಲುಗಳ ನಡುವೆ ಸಾಗುತ್ತಿತ್ತು. ಅಲ್ಲಿ ಕಲ್ಲಿಗಿಂತ ಹೆಚ್ಚು ಕಾಡಿದ್ದು ಕಿಯಾವೆ ಎಂಬ ಮರದ ಮುಳ್ಳು. ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿಯಾವೆ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಎರಡೂ ಅಮೆರಿಕ ಖಂಡದ ಮೂಲದವು, ಎರಡೂ ಹೊರಗಿನಿಂದ ಬಂದು ನೆಲವನ್ನು ಆವರಿಸಿಕೊಂಡವು. ಹೊಲದ ಬದುವಿನಲ್ಲಿ ಸೈಕಲ್ ಚಕ್ರಕ್ಕೆ ಜಾಲಿ ಮುಳ್ಳು ಚುಚ್ಚಿ ಕೈಯಲ್ಲಿ ತಳ್ಳಿಕೊಂಡು ಬಂದವರಿಗೆ ವಿಶ್ವ ಚಾಂಪಿಯನ್‌ಗಳ ಸಂಕಟ ಚೆನ್ನಾಗಿಯೇ ತಿಳಿಯುತ್ತದೆ. ಕೋಟ್ಯಧಿಪತಿಯ ಸೈಕಲ್ಲಿಗೂ ಗುಮಾಸ್ತನ ಸೈಕಲ್ಲಿಗೂ ಮುಳ್ಳು ಭೇದ ಮಾಡುವುದಿಲ್ಲ.

ಟ್ರಯಥ್ಲಾನ್‌ನವರು ಮೇಲೋ, ಗುಡ್ಡದ ಸೈಕಲ್ಲಿನವರು ಮೇಲೋ ಎಂಬುದು ಮೊದಲ ವರ್ಷಗಳ ಕುತೂಹಲ. 1996ರಲ್ಲಿ ಜಿಮ್ಮಿ ರಿಚಿಟೆಲ್ಲೊ, 1997ರಲ್ಲಿ ಮೈಕ್ ಪಿಗ್ ಗೆದ್ದರು. ಇಬ್ಬರೂ ಟ್ರಯಥ್ಲಾನ್‌ನವರು. 1998ರಲ್ಲಿ ಗೆದ್ದದ್ದು ಡುರಾಂಗೊದ ಅದೇ ನೆಡ್ ಓವರೆಂಡ್. ಆಗ ಅವರಿಗೆ 43 ವರ್ಷ. ಮರುವರ್ಷ 44ನೇ ವಯಸ್ಸಿನಲ್ಲಿ ಮತ್ತೊಮ್ಮೆ ಗೆದ್ದರು. ಮೂಲತಃ ಈಜುಗಾರರಲ್ಲದ ಅವರು ನೀರಿನಲ್ಲಿ ಹಿಂದೆ ಬಿದ್ದು, ಗುಡ್ಡದಲ್ಲಿ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ಬರುವವರು. ಬಲದ ಜೊತೆಗೆ ನೆಲವನ್ನು ಓದುವ ಕಣ್ಣೂ ಇಲ್ಲಿ ಗೆಲ್ಲುತ್ತದೆ, ಆ ಕಣ್ಣು ವಯಸ್ಸಿನ ಜೊತೆ ಮಾಗುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು.

ಕಾಲು ಇಟ್ಟಿಗೆಯಾಗುವ ಹೊತ್ತು

ನೌಕರಿ, ಸಂಸಾರ ಇರುವ ಹವ್ಯಾಸಿ ಇದಕ್ಕೆ ಸಿದ್ಧನಾಗುವುದು ಹೇಗೆ? ಅವನಿಗೆ ವಾರಕ್ಕೆ ಎಂಟು-ಹತ್ತು ಗಂಟೆ ಸಿಕ್ಕರೆ ಅದೇ ಪುಣ್ಯ. ಅದನ್ನು ಮೂರು ವಿದ್ಯೆಗಳಿಗೆ ಹಂಚಬೇಕು.

ಈಜಿನಲ್ಲಿ ಮೊದಲ ಪಾಠ ದಿಕ್ಕಿನದು. ಈಜುಕೊಳದ ತಳದಲ್ಲಿ ಕಪ್ಪು ಗೆರೆ ಇರುತ್ತದೆ. ಕೆರೆಯಲ್ಲಿ, ಸಮುದ್ರದಲ್ಲಿ ಇರುವುದಿಲ್ಲ. ಕೆಲವು ಬೀಸಿಗೊಮ್ಮೆ ತಲೆಯನ್ನು ತುಸು ಎತ್ತಿ, ದೂರದ ತೇಲುಬುರುಡೆಯನ್ನೋ ದಡದ ಮರವನ್ನೋ ಗುರಿಯಾಗಿಟ್ಟುಕೊಳ್ಳಬೇಕು. ಇದನ್ನು ಕಲಿಯದವನು ಒಂದೂವರೆ ಕಿಲೋಮೀಟರ್ ಈಜುವ ಕಡೆ ಎರಡು ಈಜಿ ಸುಸ್ತಾಗುತ್ತಾನೆ.

ಸೈಕಲ್ಲಿನದು ಬೇರೆಯೇ ಲೆಕ್ಕ. ರಸ್ತೆಯಲ್ಲಿ ಸವಾರ ಒಂದೇ ಹದದಲ್ಲಿ ಗಂಟೆಗಟ್ಟಲೆ ತುಳಿಯಬಲ್ಲ. ಗುಡ್ಡದಲ್ಲಿ ಅದು ಸಾಧ್ಯವಿಲ್ಲ. ಕಡಿದಾದ ಏರು ಬಂದಾಗ ಅರ್ಧ ನಿಮಿಷ ಮೈಯ ಶಕ್ತಿಯನ್ನೆಲ್ಲ ಸುರಿಯಬೇಕು, ಮರುಕ್ಷಣ ಇಳಿಜಾರಿನಲ್ಲಿ ತುಳಿಯದೆಯೇ ಸಮತೋಲ ಕಾಯಬೇಕು. ಆದ್ದರಿಂದ ತರಬೇತಿಯೂ ಏರುಪೇರಿನದ್ದೇ ಆಗಬೇಕು. ಚಕ್ರಕ್ಕೆ ಗಾಳಿ ಕಡಿಮೆ ಹಾಕಿದರೆ ಟೈರು ನೆಲವನ್ನು ಹೆಚ್ಚು ಕಚ್ಚುತ್ತದೆ, ಆದರೆ ಕಲ್ಲಿಗೆ ಬಡಿದು ಟ್ಯೂಬು ಹರಿಯುವ ಅಪಾಯವೂ ಹೆಚ್ಚುತ್ತದೆ. ಅದಕ್ಕೇ ಈಗ ಅನೇಕರು ಟ್ಯೂಬಿಲ್ಲದ ಟೈರಿನೊಳಗೆ ಹಾಲಿನಂಥ ದ್ರವ ತುಂಬಿಸುತ್ತಾರೆ; ಮುಳ್ಳು ಚುಚ್ಚಿದ ತೂತನ್ನು ಅದೇ ಮುಚ್ಚಿಕೊಳ್ಳುತ್ತದೆ. ಇನ್ನು ಹಳೆಯ ಸವಾರರು ಹೊಸಬರಿಗೆ ತಪ್ಪದೆ ಹೇಳುವ ಮಾತೊಂದಿದೆ. ಕಲ್ಲನ್ನು ನೋಡಬೇಡ, ಕಲ್ಲಿನ ಪಕ್ಕದ ದಾರಿಯನ್ನು ನೋಡು. ಕಣ್ಣು ಹೋದಲ್ಲಿಗೇ ಚಕ್ರವೂ ಹೋಗುತ್ತದೆ.

ಸೈಕಲ್ ಇಳಿದು ಓಡಲು ಹೊರಟಾಗಲೇ ನಿಜವಾದ ಪರೀಕ್ಷೆ. ಗಂಟೆಗಟ್ಟಲೆ ಪೆಡಲು ತಿರುಗಿಸಿದ ಕಾಲು ನೆಲಕ್ಕೆ ಮೊದಲ ಹೆಜ್ಜೆ ಇಟ್ಟಾಗ ತನ್ನದಲ್ಲ ಅನ್ನಿಸುತ್ತದೆ. ಈ ಬದಲಾವಣೆಗೆ ದೇಹವನ್ನು ಒಗ್ಗಿಸಲು ಸೈಕಲ್ ತುಳಿದ ತಕ್ಷಣ ಓಡುವ ಅಭ್ಯಾಸ ಮಾಡುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು 'ಬ್ರಿಕ್', ಅಂದರೆ ಇಟ್ಟಿಗೆ. ಕಾಲು ಇಟ್ಟಿಗೆಯಂತಾಗುತ್ತದೆ ಎಂಬುದು ಆ ಹೆಸರಿಗೆ ಹೇಳುವ ಕಾರಣಗಳಲ್ಲಿ ಒಂದು. ಕಾಡಿನ ಓಟದಲ್ಲಿ ಹೆಜ್ಜೆ ಚಿಕ್ಕದಿರಬೇಕು, ಬೇಗ ಬೇಗ ಬೀಳಬೇಕು. ಬೇರು, ಜಲ್ಲಿ, ಕೆಸರು ಪ್ರತಿ ಹೆಜ್ಜೆಗೂ ಹೊಸ ಪ್ರಶ್ನೆ ಕೇಳುತ್ತವೆ. ಇಳಿಜಾರಿನಲ್ಲಿ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಬಿಗಿ ಹಿಡಿಯಬೇಕಾಗುವುದರಿಂದ ಮರುದಿನದ ನೋವಿಗೆ ಏರಿಗಿಂತ ಇಳಿತವೇ ಹೆಚ್ಚು ಕಾರಣ. ಅಭ್ಯಾಸದಲ್ಲಿ ಏರುವುದನ್ನಷ್ಟೇ ಕಲಿತವನು ಸ್ಪರ್ಧೆಯ ದಿನ ಇಳಿಯುವಾಗ ಸೋಲುತ್ತಾನೆ.

ಹವ್ಯಾಸಿ ಎಂದರೆ ಯಾರು?

'ಹವ್ಯಾಸಿ' ಎಂಬ ಮಾತು ಕನ್ನಡಿಗರಿಗೆ ಹತ್ತಿರವಾದದ್ದು ರಂಗಭೂಮಿಯಿಂದ. ಹಗಲು ಕಚೇರಿಯಲ್ಲಿ ಕಡತ ನೋಡಿ, ಸಂಜೆ ತಾಲೀಮಿಗೆ ಬಂದು, ಕೈಯಿಂದ ದುಡ್ಡು ಹಾಕಿ ನಾಟಕವಾಡಿದವರನ್ನು ನಾವು ಆ ಹೆಸರಿನಿಂದ ಕರೆದೆವು. ಅದರಲ್ಲಿ ಗೌರವವಿತ್ತು. ಇಂಗ್ಲಿಷಿನ 'ಅಮೆಚೂರ್' ಪದವೂ ಮೂಲದಲ್ಲಿ ಪ್ರೀತಿಸುವವನು ಎಂಬ ಅರ್ಥದ್ದೇ. ಆದರೆ ಕ್ರೀಡೆಯ ಚರಿತ್ರೆಯಲ್ಲಿ ಆ ಪದ ಬಹುಕಾಲ ಒಂದು ಬೇಲಿಯಾಗಿ ಕೆಲಸ ಮಾಡಿತು.

ಇಂಗ್ಲೆಂಡಿನ ಹೆನ್ಲಿ ದೋಣಿ ಸ್ಪರ್ಧೆಗೆ 1879ರಲ್ಲಿ ಮಾಡಿದ ನಿಯಮ ಇದಕ್ಕೆ ಸಾಕ್ಷಿ. ಕೂಲಿಗಾಗಿ ದುಡಿಯುವ ಕುಶಲಕರ್ಮಿಗಳು, ಕಾರ್ಮಿಕರು ಹವ್ಯಾಸಿಗಳಲ್ಲ ಎಂದು ಅದು ಸಾರಿತು. ಕ್ರೀಡೆಯಿಂದ ಹಣ ಗಳಿಸದಿದ್ದರೂ ಸರಿ, ಕೈಕೆಲಸದಿಂದ ಹೊಟ್ಟೆ ಹೊರೆದವನಿಗೆ ಪ್ರವೇಶವಿಲ್ಲ! 1920ರಲ್ಲಿ ಅಮೆರಿಕದ ಜಾನ್ ಕೆಲ್ಲಿ ಅವರ ಅರ್ಜಿ ತಿರಸ್ಕೃತವಾಯಿತು. ಅವರ ಕ್ಲಬ್ಬಿನ ಮೇಲಿದ್ದ ನಿಷೇಧದ ಜೊತೆಗೆ, ಅವರು ಕೈಕೆಲಸ ಮಾಡಿದವರು ಎಂಬುದೂ ಕಾರಣವಾಗಿತ್ತು. ಕೆಲ್ಲಿ ಇಟ್ಟಿಗೆ ಗಾರೆಯ ಕೆಲಸದಿಂದ ಮೇಲೆ ಬಂದವರು. ಅದೇ ವರ್ಷ ಅವರು ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 1912ರ ಒಲಿಂಪಿಕ್ಸ್‌ನ ವೀರ ಜಿಮ್ ಥಾರ್ಪ್ ಹಿಂದೊಮ್ಮೆ ಚಿಲ್ಲರೆ ಹಣಕ್ಕೆ ಬೇಸ್‌ಬಾಲ್ ಆಡಿದ್ದರೆಂದು ಅವರ ಪದಕಗಳನ್ನೇ ಕಿತ್ತುಕೊಳ್ಳಲಾಯಿತು. ಅವರನ್ನು ಏಕೈಕ ವಿಜೇತರೆಂದು ಮತ್ತೆ ಒಪ್ಪಿಕೊಂಡದ್ದು 2022ರಲ್ಲಿ. ಒಲಿಂಪಿಕ್ ಸನದಿನಿಂದ 'ಅಮೆಚೂರ್' ಪದ ಕಳಚಿಹೋದದ್ದು 1970ರ ದಶಕದಲ್ಲಿ.

ಅದೇ ದಶಕದಲ್ಲಿ ಹುಟ್ಟಿದ ಟ್ರಯಥ್ಲಾನ್ ಈ ಬೇಲಿಯನ್ನು ಕಟ್ಟಲೇ ಇಲ್ಲ. ಹಣಕ್ಕಾಗಿ ಓಡುವವನೂ ಖುಷಿಗಾಗಿ ಓಡುವವನೂ ಅದೇ ನೀರಿಗೆ, ಅದೇ ದಿನ ಇಳಿಯಬಹುದು. ವಯೋಮಾನದ ಗುಂಪುಗಳಿರುವುದರಿಂದ ಅರವತ್ತು ದಾಟಿದವರಿಗೂ ತಮ್ಮದೇ ಪಂದ್ಯವಿದೆ. ಆದರೆ ಬೇಲಿ ಬೇರೆ ರೂಪದಲ್ಲಿ ಬಂತು. ಐರನ್‌ಮ್ಯಾನ್ ಒಡೆತನ 2015ರಲ್ಲಿ 65 ಕೋಟಿ ಡಾಲರಿಗೆ ಚೀನಾದ ಕಂಪೆನಿಯೊಂದರ ಕೈಸೇರಿತು. 2020ರಲ್ಲಿ 73 ಕೋಟಿ ಡಾಲರಿಗೆ ಮತ್ತೆ ಕೈ ಬದಲಾಯಿತು. 15 ಮಂದಿಯ ಹುಚ್ಚಾಟಕ್ಕೆ ಈ ಬೆಲೆ! ಹಿಂದೆ ವೃತ್ತಿ ನೋಡಿ ಹೊರಗಿಡುತ್ತಿದ್ದರು. ಈಗ ಪ್ರವೇಶ ಶುಲ್ಕ, ವಿಮಾನದ ಟಿಕೆಟ್ಟು, ಸೈಕಲ್ಲಿನ ಬೆಲೆ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ. ಕಾಡಿನ ಟ್ರಯಥ್ಲಾನ್ ಕೂಡ ಇದರಿಂದ ಪೂರ್ತಿ ಹೊರತಲ್ಲ. ಒಳ್ಳೆಯ ಮೌಂಟನ್ ಬೈಕು ಅಗ್ಗದ ಮಾತಲ್ಲ.

ಆದರೂ ಈ ಕವಲಿನಲ್ಲಿ ಹವ್ಯಾಸಿಯ ಹಳೆಯ ಗುಣ ಅಷ್ಟಿಷ್ಟು ಉಳಿದುಕೊಂಡಿದೆ. ಸ್ಕಾಟ್ಲೆಂಡಿನ ಲೆಸ್ಲಿ ಪೇಟರ್ಸನ್ ಅವರನ್ನೇ ನೋಡಿ. ಅವರು 2011, 2012 ಮತ್ತು 2018ರಲ್ಲಿ ಎಕ್ಸ್‌ಟೆರಾ ವಿಶ್ವ ಚಾಂಪಿಯನ್. ಅವರ ಇನ್ನೊಂದು ಕನಸು ಸಿನಿಮಾ. ರೆಮಾರ್ಕ್ ಅವರ ಯುದ್ಧವಿರೋಧಿ ಕಾದಂಬರಿ 'ಆಲ್ ಕ್ವಯೆಟ್ ಆನ್ ದಿ ವೆಸ್ಟರ್ನ್ ಫ್ರಂಟ್' ಅನ್ನು ತೆರೆಗೆ ತರುವ ಹಕ್ಕನ್ನು ಅವರು ಸಹಲೇಖಕರೊಡನೆ ಸುಮಾರು 16 ವರ್ಷ ಹಿಡಿದಿಟ್ಟುಕೊಂಡಿದ್ದರು. ಹಕ್ಕು ಉಳಿಯಬೇಕಾದರೆ ಮತ್ತೆ ಮತ್ತೆ ಹಣ ಕಟ್ಟಬೇಕಿತ್ತು. ಒಮ್ಮೆ ಕೋಸ್ಟರಿಕದಲ್ಲಿ ಸ್ಪರ್ಧೆಯ ಹಿಂದಿನ ದಿನ ಬಿದ್ದು ಭುಜದ ಮೂಳೆ ಮುರಿದುಕೊಂಡರು. ಮರುದಿನ ಒಂದೇ ಕೈಯಲ್ಲಿ ಈಜಿ, ಗೆದ್ದು, ಬಹುಮಾನದ ಹಣದಿಂದ ಹಕ್ಕು ಉಳಿಸಿಕೊಂಡರು. 2022ರಲ್ಲಿ ಬಂದ ಆ ಚಿತ್ರ ಮರುವರ್ಷ ನಾಲ್ಕು ಆಸ್ಕರ್ ಗಳಿಸಿತು. ಚಿತ್ರಕಥೆಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು.

2004ರ ಚಾಂಪಿಯನ್ ಜೇಮೀ ವಿಟ್ಮೋರ್ ಅವರ ಕಥೆ ಮತ್ತೊಂದು ಬಗೆಯದು. 2008ರಲ್ಲಿ ಅವರಿಗೆ ಕ್ಯಾನ್ಸರ್ ಪತ್ತೆಯಾಯಿತು. ಪ್ರಾಣ ಉಳಿಯಿತು, ಎಡಗಾಲಿನ ಬಲ ಹೋಯಿತು. ಅವರು ಮತ್ತೆ ಸೈಕಲ್ ಏರಿದರು. 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಇವರೆಲ್ಲ ವೃತ್ತಿಪರರೇ, ನಿಜ. ಆದರೆ ಇವರ ಹಿಂದೆ ಅದೇ ಹಾದಿಯಲ್ಲಿ ಏದುಸಿರು ಬಿಡುತ್ತ ಬರುವ ಶಿಕ್ಷಕಿ, ಬ್ಯಾಂಕ್ ನೌಕರ, ದಾದಿ ಇವರನ್ನು ಪರಕೀಯರೆಂದು ಭಾವಿಸುವುದಿಲ್ಲ. ಬಿದ್ದರೆ ಇಬ್ಬರ ಮೊಣಕಾಲೂ ಒಂದೇ ರೀತಿ ಸುಲಿಯುತ್ತದೆ.

ಉಳಿಯಬೇಕಾದ ಮಣ್ಣು

2011ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ 'ಕ್ರಾಸ್ ಟ್ರಯಥ್ಲಾನ್' ಎಂಬ ಹೆಸರಿನಲ್ಲಿ ಸ್ಪೇನಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿ ಈ ಕವಲಿಗೆ ಅಧಿಕೃತ ಮುದ್ರೆ ಒತ್ತಿತು. 2022ರಲ್ಲಿ ಎಕ್ಸ್‌ಟೆರಾ ವಿಶ್ವ ಸ್ಪರ್ಧೆ ಮೌಯಿಯನ್ನು ಬಿಟ್ಟು ಇಟಲಿಯ ಬೆಟ್ಟಗಳ ನಡುವಿನ ಮೊಲ್ವೆನೊ ಸರೋವರಕ್ಕೆ ಹೋಯಿತು. ಆಟ ಬೆಳೆದಿದೆ. ಆದರೆ ಅದು ನಿಂತಿರುವುದು ಡಾಂಬರು ಕಾಣದ ನೆಲದ ಮೇಲೆ. ಆ ನೆಲವೇ ಎಲ್ಲೆಡೆ ಕಡಿಮೆಯಾಗುತ್ತಿದೆ.

ಮೌಂಟನ್ ಬೈಕಿನ ತವರಾದ ಮರೀನ್ ಕೌಂಟಿಯಲ್ಲೇ ಈ ಬಿಕ್ಕಟ್ಟು ಮೊದಲು ತಲೆದೋರಿತು. ನಡೆಯುವವರಿಗೆ ಅಪಾಯ, ಮಣ್ಣಿನ ಸವಕಳಿ ಎಂಬ ದೂರುಗಳ ಮೇಲೆ 1980ರ ದಶಕದಲ್ಲಿ ಕಿರುದಾರಿಗಳನ್ನು ಸೈಕಲ್ಲುಗಳಿಗೆ ಮುಚ್ಚಲಾಯಿತು. ದೂರು ಸುಳ್ಳೇನಲ್ಲ. ಒದ್ದೆ ನೆಲದಲ್ಲಿ ಬ್ರೇಕು ಒತ್ತಿದ ಚಕ್ರ ಚರಂಡಿ ತೋಡುತ್ತದೆ. ಕ್ಯಾಲಿಫೋರ್ನಿಯಾದ ಸೈಕಲ್ ಸಂಘಗಳು 1988ರಲ್ಲಿ ಒಗ್ಗೂಡಿ ಸಂಸ್ಥೆ ಕಟ್ಟಿದವು. ಸವಾರರು ಗುದ್ದಲಿ ಹಿಡಿದು ದಾರಿ ದುರಸ್ತಿ ಮಾಡುವ ಪದ್ಧತಿ ಬೆಳೆಯಿತು. ಬಳಸುವ ದಾರಿಯನ್ನು ಕಾಯುವ ಹೊಣೆಯೂ ಆಟದ ಭಾಗ ಎಂಬುದು ಅವರು ತಡವಾಗಿ ಕಲಿತ ಪಾಠ.

ಈ ಪಾಠ ನಮಗೆ ದೂರದ್ದಲ್ಲ. ಬೆಂಗಳೂರಿನ ದಕ್ಷಿಣ ಅಂಚಿನ ತುರಹಳ್ಳಿ ಕಾಡು ನಗರದ ಅನೇಕ ಓಟಗಾರರಿಗೆ, ಗುಡ್ಡದ ಸೈಕಲ್ ಸವಾರರಿಗೆ ಮಣ್ಣಿನ ದಾರಿಯ ಪರಿಚಯ ಮಾಡಿಸಿದ ಜಾಗ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ನಾಗರಿಕರು ಬೀದಿಗಿಳಿದು ವಿರೋಧಿಸಿದರು. ಅವರಿಗೆ ಬೇಕಾಗಿದ್ದುದು ಕಾಡು ಕಾಡಾಗಿಯೇ ಉಳಿಯುವುದು. ಆ ವಾದವನ್ನು ಒಪ್ಪುವ ಸವಾರ ತನ್ನ ಚಕ್ರವನ್ನೂ ಅದೇ ವಾದಕ್ಕೆ ಒಪ್ಪಿಸಬೇಕಾಗುತ್ತದೆ. ಎಲ್ಲಿ ಹೋಗಬಹುದು, ಯಾವ ಋತುವಿನಲ್ಲಿ ಹೋಗಬಾರದು ಎಂಬ ಮಿತಿಗಳನ್ನು ಕಾಡಿನಿಂದಲೇ ಕೇಳಿ ತಿಳಿಯಬೇಕಾಗುತ್ತದೆ.

ಮಿಷನ್ ಬೇಯ ಆ 46 ಮಂದಿಗೆ ಬೇಕಾಗಿದ್ದುದು ಒಂದಿಷ್ಟು ಹುಲ್ಲು, ಒಂದಿಷ್ಟು ಮರಳು, ಈಜಲು ನೀರು, ಕತ್ತಲಾದಾಗ ದಾರಿ ತೋರಿಸಲು ನಾಲ್ಕು ಕಾರಿನ ದೀಪ. ಕೊನೆಯವನು ದಡ ಸೇರುವವರೆಗೆ ಮನೆಗೆ ಹೋಗದೆ ಕಾದು ನಿಂತವರೂ ಅಲ್ಲಿದ್ದರು. ಹಣದಿಂದ ಕೊಳ್ಳಬಹುದಾದ ಎಲ್ಲವೂ ಆಮೇಲೆ ಈ ಆಟಕ್ಕೆ ಬಂದು ಸೇರಿತು. ಆ ಹುಲ್ಲು, ಮರಳು, ನೀರುಗಳನ್ನು ಮಾತ್ರ ಕೊಂಡು ತರಲಾಗದು, ಇರುವಲ್ಲೇ ಉಳಿಸಿಕೊಳ್ಳಬೇಕು.